ಉಲ್ಟಾ ಮೊಳಿ

ಎರಡನೇತ್ತೆಯಾಗ ನನ್ನ ಪಾಟಿ ಮ್ಯಾಲೆ
ಆರು ಮಗ್ಗಲು ಹೊಳ್ಳಿಸಿ ಒಂಬತ್ತಾಗಿ ಮಲಗತಿತ್ತು.
ಮ ಯಾವುದು, ಯ ಯಾವುದು,
ನನಗಷ್ಟ ಅಲ್ಲ, ಅವಕ್ಕೂ ಗೊತ್ತಿರಲಿಲ್ಲ ಅನಸ್ತೈತಿ.
ಕುಲಕರ್ಣಿ ಬಾಯಾರು ಓದು ಅಂದಕೂಡಲೆ
ಸಾಲಿನಾಗಿನ ಅಕ್ಷರ ಎಲ್ಲಾ
ಕಲ್ಲೆತ್ತಿದಾಗ ಇರುವಿ ಹರದಂಗ ಹರೀತಿದ್ವು.
ಬೆರಳಿಟ್ಟು ಹಿಡೀತಿದ್ದೆ.
ಬೆರಳ ಕೆಳಗಿಂದು ಒಂದ ಉಳೀತಿತ್ತು,
ಮಿಕ್ಕದ್ದು ಊಹಾ.

ಸಂಜಿಕೆ ಅವ್ವನ ಗಿರ್ಮಿಟ್ ಗಾಡಿ ಮುಂದ
ಯಾರ ಪ್ಲೇಟಿಗೆ ಎಷ್ಟು ಮಿರ್ಚಿ, ಯಾರಿಗೆ ಚಿಲ್ಲರ ಬಾಕಿ,
ಹನ್ನೆರಡು ಮಂದಿ ಲೆಕ್ಕ ನನ್ನ ತಲ್ಯಾಗ.
ಆದ್ರೂ ಮುಂಜಾನೆ ಸಾಲ್ಯಾಗ ನಾನು ದಡ್ಡಿ.

ಧಾರವಾಡಕ್ಕ ಕರಕೊಂಡು ಹೋದ್ರು.
ನಮ್ಮ ಓಣ್ಯಾಗ 'ಧಾರವಾಡಕ್ಕ ಹೋಗಿದ್ರಂತ' ಅಂದ್ರ
ಮಂದಿ ದನಿ ಇಳಿಸಿ ಕೇಳತಾರ, ಯಾರಿಗೆ ಅಂತ.
ಅದಕ್ಕ ಅವ್ವ ಬರಾಮುಂದ ಅರ್ಧ ಕಿಲೋ ಪೇಢೆ ತಂದು
ಮನಿಮನಿಗೆ ಹಂಚಿದ್ಲು:
ಪೇಢೆ ತರಾಕ ಹೋಗಿದ್ವಿ.
ಪೇಢೆ ತಿಂದವರು ಯಾರೂ ನಂಬಲಿಲ್ಲ.
ಡಾಕ್ಟರ್ ಬರದುಕೊಟ್ಟ ಕಾಗದ ಟ್ರಂಕಿನ ತಳದಾಗ,
ಮದುವಿ ಸೀರಿ ಕೆಳಗ.
ಬುದ್ಧಿ ಕಡಿಮಿ ಇಲ್ಲ, ಅಕ್ಷರದ ದಾರಿ ಬ್ಯಾರೆ ಅಂತ
ಅದರಾಗ ಇತ್ತಂತ. ನನಗೆಲ್ಲಿ ಓದಾಕ ಬರತಿತ್ತು?

ಅಜ್ಜ ಫಕ್ಕೀರಪ್ಪ
ಮೂವತ್ತೆಂಟು ವರ್ಷ ಸ್ಟೇಶನ್ ರೋಡಿನ ಪ್ರೆಸ್ಸಿನ್ಯಾಗ ಮೊಳಿ ಜೋಡಿಸಿದಂವ.
ಒಂದಿನ ನನ್ನ ಕಾಪಿ ಬುಕ್ ಕಸಗೊಂಡು
ಚಾಳೀಸು ಹಣಿಗೇರಿಸಿ
ಸರಾಗ ಓದಿಬಿಟ್ಟ.
ಎಲ್ಲೂ ನಿಲ್ಲಲಿಲ್ಲ. ನಗಲೂ ಇಲ್ಲ.
ಎದ್ದು ಅಟ್ಟದಿಂದ ತಂಬಾಕದ ಡಬ್ಬಿ ತಂದ.
ಪ್ರೆಸ್ಸು ಮುಚ್ಚಿ ಸೀಸ ಕಿಲೋಲೆಕ್ಕದಾಗ ಮಾರಿದ ದಿನ
ಕಿಸೆದಾಗ ಉಳದುಬಂದ ಹತ್ತಿಪ್ಪತ್ತು ಮೊಳಿ.
ಒಂದು ನನ್ನ ಅಂಗೈ ಮ್ಯಾಲಿಟ್ಟ.
ತಣ್ಣಗಿತ್ತು. ಗಾತ್ರಕ್ಕಿಂತ ವಜ್ಜಾ ಇತ್ತು.
'ಮ' ಅಂದೆ, ಥಟ್ಟನ.
'ಹೌದಲ್ಲಾ ಮತ್ತ! ಮೊಳಿ ಒಳಗ ಎಲ್ಲಾವೂ ಹಿಂಗ ಇರತಾವು, ತಂಗಿ,
ಕಾಗದಕ್ಕ ಮಾರಿ ಹಚ್ಚೂತನಕ.'
ಮುಂಗೈಗೆ ಒತ್ತಿಕೊಂಡೆ. ಕೆಂಪಗ, ನೆಟ್ಟಗ, ಮೂಡಿತು,
ನೋಡನೋಡತ ಮಾಸಿತು.

ಅವತ್ತಿಂದ ಓದು ಬಂತು ಅಂತ ಬರೀಬಹುದು.
ಸುಳ್ಳಾಗತೈತಿ.

ಹದಿಮೂರಕ್ಕ ಮೈ ತನ್ನ ಪಾಡಿಗೆ ತಾ ಬೆಳೀತು,
ಅದನ್ನ ಯಾರೂ ನಿಲ್ಲಿಸಿ ಓದು ಅನ್ನಲಿಲ್ಲ.
ಕನ್ನಡ ಪಿರಿಯಡ್ಡಿನಾಗ ದಿನಾ ಹೊಟ್ಟಿ ನೋವು ನನಗ,
ಪಾಯಖಾನಿ ಗೋಡಿಮ್ಯಾಗ ಎಷ್ಟು ಹಲ್ಲಿ ಅಂತ ಹೇಳಬಲ್ಲೆ.
ಎಂಟನೇತ್ತೆಯಾಗ ವೀರಯ್ಯ ಒಂದು ಚೀಟಿ ಕೊಟ್ಟ.
ಗೆಳತ್ಯಾರು ಓದಾ ಓದಾ ಅಂತ ಮೈಮ್ಯಾಲೆ ಬಿದ್ರು,
ಓದೀನಿ ಅಂತ ನಕ್ಕು ಜಂಪರಿನಾಗ ತುರಿಕಿದೆ.
ಅಜ್ಜನ ಹಂತ್ಯಾಕ ಒಯ್ಯೂದಲ್ಲ ಅದು.
ಕಂದೀಲು ಮಾದರಿ ಮೊಬೈಲ್ ಹಿಡಕೊಂಡು, ಕೌದಿ ಒಳಗ,
ಮೂರು ರಾತ್ರಿ ಹಿಡೀತು.
ಮುಗಿಯೂದ್ರಾಗ ಅಂವ
ಬೆಟಗೇರಿ ಹುಡುಗಿಗೆ ಇನ್ನೊಂದು ಬರದಿದ್ದ.
ಅತ್ತೆ. ಆಮ್ಯಾಲೆ ಮತ್ತೊಮ್ಮೆ ಓದಿದೆ.
ಎಂಟು ಸಾಲಿನಾಗ ನಾಕು ತಪ್ಪು.
ನನಗ ಕಂಡ್ವು!
ಕೌದಿ ಒಳಗ ಒಬ್ಬಾಕೀನ ನಕ್ಕೆ.

ಈಗ ಹತ್ತನೇತ್ತೆ.
ಟ್ರಂಕಿನ ಕಾಗದ ಮ್ಯಾಲೆ ಬಂದೈತಿ, ಮಡಿಕಿ ಬಿಟ್ಟಲ್ಲಿ ಹರದೈತಿ.
ನಾ ಹೇಳಾಕಿ, ಬರಿಯಾಕ ಒಂಬತ್ತನೇತ್ತೆ ಮಾಬೂಬಿ.
ಬಾಕಿನ ಆಕಡೆ ಆಕಿ, ಈಕಡೆ ನಾನು,
ನಡುವ ಉತ್ತರ ಪತ್ರಿಕಿ, ನನಗ ತಲಿಕೆಳಗಾಗಿ.
ನಾನು 'ಅರಸು' ಅಂದೆ.
ಆಕಿ ಪೆನ್ನು ಓಡತಿತ್ತು.
ಅಷ್ಟು ದೂರದಿಂದ, ಉಲ್ಟಾ, ನನಗ ಕಾಣಸ್ತು:
'ಮಾಬೂಬಿ, ಅದು ಹರಸು ಆಗೇತಿ ನೋಡ.
ಅ ಬರಿ.'

ಆಕಿ ತಿರುಗಿಸಿ ನೋಡಿದ್ಲು.
ತಿದ್ದಿದ್ಲು.
ಮುಂದ ಏನ ಅಕ್ಕಾ, ಅಂದ್ಲು.